ಸೌಂದರ್ಯ ಗೆದ್ದ ಸ್ವರ್ಣಕಮಲ ಯಾಕೆ ಮರೆತುಹೋಯ್ತು?

ಸೌಂದರ್ಯ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಎರಡು: 'ಆಪ್ತಮಿತ್ರ'ದ ನಾಗವಲ್ಲಿ ಮತ್ತು ಆ ವಿಮಾನ ದುರಂತ. ಇವೆರಡರ ನಡುವೆ ಒಂದು ದೊಡ್ಡ ಸಂಗತಿ ಮರೆಗೆ ಸರಿದಿದೆ. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಆಕೆಗೆ ಬಂದದ್ದು ನಟಿಯಾಗಿ ಅಲ್ಲ, ನಿರ್ಮಾಪಕಿಯಾಗಿ.

ಆಕೆ ಮುಳಬಾಗಿಲು ಸೀಮೆಯವರು. ಕೋಲಾರ, ಶ್ರೀನಿವಾಸಪುರದ ಸಂತೆಗಳಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯೋದು ಮಾಮೂಲು. ಮಾಲೂರಿನ ಮಾಸ್ತಿಯವರ ಮನೆಮಾತು ತಮಿಳು, ಆದರೆ ಅವರು ಜ್ಞಾನಪೀಠ ತಂದುಕೊಟ್ಟದ್ದು ಕನ್ನಡಕ್ಕೆ. ಅಂಥ ನೆಲದ ಹೆಣ್ಣುಮಗಳು ತೆಲುಗರಿಗೆ ಮನೆಮಗಳಾದದ್ದರಲ್ಲಿ ಅಚ್ಚರಿಯೇನಿಲ್ಲ.

ತಂದೆ ಕೆ.ಎಸ್. ಸತ್ಯನಾರಾಯಣ ಸಿನಿಮಾ ಬರಹಗಾರರು, ನಿರ್ಮಾಪಕರು. ಮಗಳು ಎಂಬಿಬಿಎಸ್ ಓದನ್ನು ಅರ್ಧಕ್ಕೆ ಬಿಟ್ಟು ಬಣ್ಣ ಹಚ್ಚಿದರು. 1992ರಲ್ಲಿ 'ಗಂಧರ್ವ' ಬಂತು. 1995ರ 'ಅಮ್ಮೋರು' ತೆಲುಗಿನಲ್ಲಿ ಆಕೆಯನ್ನು ದೊಡ್ಡ ತಾರೆ ಮಾಡಿತು. 1999ರಲ್ಲಿ ತಮಿಳಿನ 'ಪಡಿಯಪ್ಪ'ದಲ್ಲಿ ರಜನೀಕಾಂತ್ ಜೊತೆ, ಹಿಂದಿಯ 'ಸೂರ್ಯವಂಶಂ'ನಲ್ಲಿ ಅಮಿತಾಭ್ ಬಚ್ಚನ್ ಜೊತೆ ನಟಿಸಿದರು. ನಂದಿ, ಫಿಲ್ಮ್‌ಫೇರ್ ಪ್ರಶಸ್ತಿಗಳೂ ಬಂದವು.

ಮಾರುಕಟ್ಟೆ ಕೈಯಲ್ಲಿದ್ದಾಗ ನಾಯಕಿಯರು ಸಾಮಾನ್ಯವಾಗಿ ಇನ್ನೊಂದು ದೊಡ್ಡ ಬ್ಯಾನರ್‌ಗೆ ಸಹಿ ಹಾಕ್ತಾರೆ. ಸೌಂದರ್ಯ ತಾವೇ ನಿರ್ಮಾಪಕಿಯಾಗಿ 'ದ್ವೀಪ' ಮಾಡಿದರು. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಅಣೆಕಟ್ಟಿನ ಹಿನ್ನೀರು ಊರನ್ನೇ ನುಂಗುತ್ತಿರುವಾಗ ಜಾಗ ಬಿಟ್ಟು ಕದಲದ ಒಂದು ಕುಟುಂಬದ ಕತೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಗದ ಕೋಲಾರದ ಮಗಳು, ಮುಳುಗುವ ಮಲೆನಾಡಿನ ನಾಗಿಯಾದರು. ಚಿತ್ರಕ್ಕೆ 2001ನೇ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿ ಸಿಕ್ಕಿತು. ನಾಗಿಯ ಪಾತ್ರಕ್ಕೆ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿಯೂ ಬಂತು.

ಆ ಸಿನಿಮಾದ ಕೊನೆ ನೆನಪಿದೆಯಾ? ಮನೆ ಉಳಿಸಲು ನಾಗಿ ಹಗಲೂ ರಾತ್ರಿ ಒದ್ದಾಡ್ತಾಳೆ. ನೀರು ಇಳಿದ ಮೇಲೆ ಗಂಡ ಗಣಪ, ಕಾಪಾಡಿದ್ದು ದೇವರು ಅಂದುಬಿಡ್ತಾನೆ. ಅವಳ ದುಡಿಮೆ ಲೆಕ್ಕಕ್ಕೇ ಬರೋದಿಲ್ಲ.

2004ರ ಏಪ್ರಿಲ್ 17ರಂದು ಬಿಜೆಪಿ ಪರ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ, ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಸೌಂದರ್ಯ, ಅಣ್ಣ ಅಮರನಾಥ್ ಸೇರಿ ನಾಲ್ವರು ತೀರಿಕೊಂಡರು. 'ಆಪ್ತಮಿತ್ರ' ತೆರೆಗೆ ಬಂದದ್ದು ಅದಾದ ನಾಲ್ಕು ತಿಂಗಳಿಗೆ.

ಅಂದಿನಿಂದ ನಾವು ಹೇಳಿಕೊಂಡು ಬಂದಿರೋದು ಆಕೆಯ ಚೆಲುವು ಮತ್ತು ದುರ್ವಿಧಿಯ ಕತೆಯನ್ನೇ. ಯಾವ ಹೀರೋ ಜೊತೆ ಜೋಡಿ ಚೆನ್ನಾಗಿತ್ತು ಅನ್ನೋ ಚರ್ಚೆ ಈಗಲೂ ನಡೆಯುತ್ತೆ. ಹಾಡಿನ ಬಲವಿಲ್ಲದ, ಸ್ಟಾರ್ ಹೀರೋ ಇಲ್ಲದ ಕನ್ನಡ ಸಿನಿಮಾಕ್ಕೆ ದುಡ್ಡು ಹಾಕುವ ಧೈರ್ಯದ ಮಾತು ಮಾತ್ರ ಬರೋದಿಲ್ಲ. ಗಣಪ ನಾಗಿಗೆ ಮಾಡಿದ್ದನ್ನೇ ನಾವು ಸೌಂದರ್ಯ ಅವರಿಗೆ ಮಾಡ್ತಿದ್ದೇವೆ.