ರೂಢಿ ಮೀರಿದ ಶರೀಫರು: ಭಿನ್ನತೆಗೂ ಮನೋರೋಗಕ್ಕೂ ನಡುವಿನ ಗೆರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಭಜನಾ ಮಂಡಳಿಗಳಲ್ಲಿ ಇಂದಿಗೂ ಕೇಳಿಬರುವ ತತ್ವಪದಗಳಲ್ಲಿ ಸಂತ ಶಿಶುನಾಳ ಶರೀಫರ ಪದಗಳಿಗೆ ವಿಶೇಷ ಸ್ಥಾನವಿದೆ. ಈಗ ಭಾವೈಕ್ಯದ ಹರಿಕಾರರೆಂದು ಪೂಜೆಗೊಳ್ಳುವ ಈ ಕವಿ, ಬದುಕಿದ್ದಾಗ ರೂಢಿ ಬಿಟ್ಟವರೆಂಬ ಆಕ್ಷೇಪಕ್ಕೆ ಗುರಿಯಾಗಿದ್ದರು. ರೂಢಿ ಬಿಟ್ಟ ನಡವಳಿಕೆ ಎಲ್ಲಿಯವರೆಗೆ ಕೇವಲ ಭಿನ್ನತೆ, ಎಲ್ಲಿಂದಾಚೆಗೆ ಅದು ಮನೋರೋಗ? ಮನೋವಿಜ್ಞಾನಿಗಳನ್ನು ಬಹುಕಾಲ ಕಾಡಿರುವ ಈ ಪ್ರಶ್ನೆಗೆ ಶರೀಫರ ಬದುಕು ಒಂದು ಒರೆಗಲ್ಲಿನಂತಿದೆ. ಎಂದೋ ಗತಿಸಿದವರ ಮನಸ್ಸಿಗೆ ರೋಗನಿರ್ಣಯ ಮಾಡುವುದು ಇಲ್ಲಿನ ಉದ್ದೇಶವಲ್ಲ. ಅಳತೆಗೋಲುಗಳ ಬಲಾಬಲವನ್ನು ಅರಿಯುವುದಷ್ಟೇ ಉದ್ದೇಶ.

ಲಕ್ಷ್ಮೇಶ್ವರದ ಸಮೀಪದ, ಈಗ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿಗೆ ಸೇರಿರುವ ಶಿಶುವಿನಹಾಳದಲ್ಲಿ ಶರೀಫರು 1819ರಲ್ಲಿ ಜನಿಸಿದರು. ತಂದೆ ಇಮಾಮ್ ಸಾಹೇಬರು. ಬಾಲ್ಯದಲ್ಲಿಯೇ ರಾಮಾಯಣ, ಮಹಾಭಾರತ, ಶರಣರ ವಚನಗಳ ಪರಿಚಯವಾಯಿತು. ಕೆಲಕಾಲ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ದುಡಿದ ಅವರು ಬಳಿಕ ಆ ವೃತ್ತಿಯನ್ನು ತೊರೆದು, ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಗುರುವೇ ಶಿಷ್ಯನಿಗೆ ಜನಿವಾರ ತೊಡಿಸಿದರೆಂಬ ಕಥೆ ಈ ಸೀಮೆಯಲ್ಲಿ ಜನಜನಿತವಾಗಿದೆ. ಇಬ್ಬರೂ ಮಠ, ದರ್ಗಾ, ಗುಡಿಗಳೆನ್ನದೆ ಊರೂರು ಸುತ್ತಿದರು. ಎರಡೂ ಸಮುದಾಯಗಳ ಆಚಾರವಂತರು ಮುನಿಸಿಕೊಂಡರೆಂದು ಪರಂಪರೆ ಹೇಳುತ್ತದೆ.

ಶರೀಫರಿಗೆ 39 ವರ್ಷವಾಗಿದ್ದಾಗ, ಅಂದರೆ 1858ರಲ್ಲಿ, ಈ ಭಾಗ ತಲ್ಲಣಿಸಿತು. ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರು ಕೊಪ್ಪಳ ಕೋಟೆಯಲ್ಲಿ ಹತರಾದರು. ಅದೇ ವರ್ಷ ಸರ್ಕಾರ ಹುಚ್ಚಾಸ್ಪತ್ರೆಗಳ ಕಾಯಿದೆಯನ್ನೂ ಜಾರಿಗೆ ತಂದಿತು. ಹುಚ್ಚರೆಂದು ಭಾವಿಸಲಾದ ಅಲೆಮಾರಿಗಳನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸರ ಕರ್ತವ್ಯವೆಂದು ಅದು ವಿಧಿಸಿತು. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಹುಚ್ಚಾಸ್ಪತ್ರೆ ಆರಂಭವಾಗಿತ್ತು. ಉದ್ಯೋಗ ಬಿಟ್ಟು, ಜಾತಿಯ ಕಟ್ಟು ಮುರಿದು, ಅರ್ಥವಾಗದ ಪದ ಹಾಡುತ್ತ ತಿರುಗುತ್ತಿದ್ದ ವ್ಯಕ್ತಿಗೆ ಇಂತಹ ಕಾಯಿದೆಯ ಕಣ್ಣು ಏನೆಂದು ಹೆಸರಿಡಬಹುದಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ನಾಲ್ಕು ಅಳತೆಗಳು

ಅಸಹಜ ವರ್ತನೆಯನ್ನು ಗುರುತಿಸಲು ಮನೋವಿಜ್ಞಾನಿಗಳು ಮುಖ್ಯವಾಗಿ ನಾಲ್ಕು ಅಳತೆಗಳನ್ನು ಬಳಸುತ್ತಾರೆ. ಮೊದಲನೆಯದು ಸಂಖ್ಯೆ: ಬಹುಪಾಲು ಜನರಲ್ಲಿ ಕಾಣದ ವರ್ತನೆ ಅಸಹಜ. ಈ ಪ್ರಕಾರ ಶರೀಫರು ಖಂಡಿತವಾಗಿಯೂ ಅಸಹಜರೇ. ಆದರೆ ಅಪೂರ್ವ ಪ್ರತಿಭೆಯೂ ಸಂಖ್ಯೆಯಲ್ಲಿ ವಿರಳವೇ ಆಗಿರುವುದರಿಂದ ಈ ಅಳತೆಯೊಂದನ್ನೇ ನಂಬುವಂತಿಲ್ಲ.

ಎರಡನೆಯದು ಸಾಮಾಜಿಕ ಕಟ್ಟಳೆ. ಸಮಾಜ ಒಪ್ಪಿದ ನಡವಳಿಕೆಯನ್ನು ಮೀರುವುದು ಅಸಹಜವೆಂದು ಇದರ ವಾದ. ಇಲ್ಲಿನ ತೊಡಕೆಂದರೆ, ಕಟ್ಟಳೆ ಊರಿನಿಂದ ಊರಿಗೆ ಬದಲಾಗುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠವನ್ನೇ ನೋಡಬಹುದು. ಫಕೀರ ಮತ್ತು ಈಶ್ವರ ಎಂಬೆರಡು ಪದಗಳನ್ನು ಹೆಸರಿನಲ್ಲಿಯೇ ಬೆಸೆದ ಈ ಮಠದ ಪರಂಪರೆ ಶರೀಫರಿಗಿಂತ ಹಿಂದಿನದು. ಹಿಂದೂಗಳೂ ಮುಸಲ್ಮಾನರೂ ಅದರ ಭಕ್ತರು. ಕಳಸದಲ್ಲಿ ಕಟ್ಟಳೆ ಮುರಿದಂತೆ ಕಂಡದ್ದು ಶಿರಹಟ್ಟಿಯಲ್ಲಿ ತಾನೇ ಒಂದು ಕಟ್ಟಳೆಯಾಗಿತ್ತು. ಈ ಅಳತೆಯ ದುರುಪಯೋಗಕ್ಕೆ ಅದೇ ಕಾಲದ ಅಮೆರಿಕದಲ್ಲಿ ಕುಖ್ಯಾತ ನಿದರ್ಶನವಿದೆ. ಒಡೆಯರಿಂದ ತಪ್ಪಿಸಿಕೊಂಡು ಓಡುವ ಗುಲಾಮರ ಹಂಬಲವನ್ನೇ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ 1851ರಲ್ಲಿ ಮನೋರೋಗವೆಂದು ಕರೆದಿದ್ದ.

ಮೂರನೆಯದು ಯಾತನೆ. ವರ್ತನೆ ಸ್ವತಃ ಆ ವ್ಯಕ್ತಿಯನ್ನೇ ನರಳಿಸುತ್ತಿದೆಯೇ ಎಂದು ಇದು ಕೇಳುತ್ತದೆ. ಶರೀಫರು ನೋವನ್ನು ಧಾರಾಳವಾಗಿ ಉಂಡವರು. ಪತ್ನಿ ಫಾತಿಮಾ ಮತ್ತು ಮಗಳು ಅಕಾಲದಲ್ಲಿ ತೀರಿಕೊಂಡರು. ಬಡತನ ಕೊನೆಯವರೆಗೂ ಜೊತೆಗಿತ್ತು. ಆದರೆ ಆಪ್ತರನ್ನು ಕಳೆದುಕೊಂಡಾಗ ಸಂಸ್ಕೃತಿ ಒಪ್ಪುವ ರೀತಿಯಲ್ಲಿ ದುಃಖಿಸುವುದು ಮನೋರೋಗವಲ್ಲವೆಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಐದನೆಯ ಆವೃತ್ತಿ ಸ್ಪಷ್ಟಪಡಿಸುತ್ತದೆ. ವಯಸ್ಕರಲ್ಲಿ ತೀವ್ರ ಶೋಕ ಒಂದು ವರ್ಷ ಕಳೆದರೂ ತಗ್ಗದೆ ನಿತ್ಯದ ಬದುಕನ್ನು ಕೆಡಿಸಿದರೆ ಮಾತ್ರ ಅದನ್ನು ರೋಗವಾಗಿ ಪರಿಗಣಿಸಬಹುದೆಂದು 2022ರ ಪರಿಷ್ಕೃತ ಆವೃತ್ತಿ ಹೇಳುತ್ತದೆ.

ನಾಲ್ಕನೆಯದು ನಿರ್ವಹಣೆ: ಉಣ್ಣುವ, ದುಡಿಯುವ, ಇತರರೊಡನೆ ಬಾಳುವ ಶಕ್ತಿ ಕುಗ್ಗಿದೆಯೇ? ತನಗಾಗಲಿ ಪರರಿಗಾಗಲಿ ಅಪಾಯವಿದೆಯೇ ಎಂಬುದನ್ನೂ ಇದರೊಂದಿಗೆ ನೋಡಲಾಗುತ್ತದೆ. ಶರೀಫರು ನೌಕರಿ ಬಿಟ್ಟರೂ ಗುರುವಿನ ಸಂಬಂಧ ಕಡಿದುಕೊಳ್ಳಲಿಲ್ಲ, ಜನರ ಒಡನಾಟ ತೊರೆಯಲಿಲ್ಲ, ಪದಕಟ್ಟುವ ಕಾಯಕ ನಿಲ್ಲಿಸಲಿಲ್ಲ. ಸೋರುವ ಮಾಳಿಗೆಯಂತಹ ದಿನಬಳಕೆಯ ಸಂಗತಿಗಳೇ ಅವರ ಕೈಯಲ್ಲಿ ತತ್ವವಾದವು.

ಸಣ್ಣದು ದೊಡ್ಡದನ್ನು ನುಂಗುವಂತಹ ಅವರ ತಲೆಕೆಳಗಾದ ಚಿತ್ರಗಳನ್ನು ಹಿನ್ನೆಲೆ ಅರಿಯದವರು ಕೇಳಿದರೆ ಮಾತಿನ ಹಳಿ ತಪ್ಪಿದೆಯೆಂದೇ ಭಾವಿಸಬಹುದು. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಬಲ್ಲವರಿಗೆ ಅದು ಪರಂಪರೆಯ ಭಾಷೆ. ರೋಗಿಯ ಮಾತನ್ನು ಅಳೆಯುವ ಮುನ್ನ ವೈದ್ಯರು ಆತನ ನೆಲದ ನುಡಿಗಟ್ಟನ್ನು ಅರಿತಿರಬೇಕೆಂಬ ಆಧುನಿಕ ಮನೋವೈದ್ಯಶಾಸ್ತ್ರದ ಎಚ್ಚರಿಕೆಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಈ ನಾಲ್ಕರಲ್ಲಿ ಯಾವುದೂ ಒಂಟಿಯಾಗಿ ಸಾಲದು. ಎಲ್ಲವನ್ನೂ ಕೂಡಿಸಿಯೇ ತೀರ್ಮಾನಕ್ಕೆ ಬರಬೇಕೆಂಬುದು ಇಂದಿನ ಸಾಮಾನ್ಯ ಒಪ್ಪಿತ ನಿಲುವು. ವ್ಯಕ್ತಿಗೂ ಸಮಾಜಕ್ಕೂ ನಡುವಿನ ಸಂಘರ್ಷ, ಅದು ವ್ಯಕ್ತಿಯೊಳಗಿನ ಮಾನಸಿಕ ಏರುಪೇರಿನಿಂದ ಹುಟ್ಟಿದ್ದಲ್ಲದಿದ್ದರೆ, ರೋಗವೆನಿಸದು.

1889ರಲ್ಲಿ ಶರೀಫರು ಕಾಲವಾದರು. ಅಂತ್ಯವಿಧಿಗಳು ಹಿಂದೂ ಮತ್ತು ಮುಸ್ಲಿಂ ಎರಡೂ ಪದ್ಧತಿಗಳಲ್ಲಿ ನಡೆದವು. ಬದುಕಿದ್ದಾಗ ಮುನಿದಿದ್ದ ಸಮುದಾಯಗಳೇ ಕೊನೆಗೆ ಅವರನ್ನು ತಮ್ಮವರೆಂದವು. ವ್ಯಕ್ತಿ ಬದಲಾಗಲಿಲ್ಲ, ಕಟ್ಟಳೆ ಬದಲಾಯಿತು.

ಕಾನೂನು ಈ ವಿವೇಕವನ್ನು ತಲುಪಲು ಇನ್ನೂ ಬಹುಕಾಲ ಹಿಡಿಯಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 3ನೇ ಕಲಮು, ಸಮುದಾಯದ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳದಿರುವುದನ್ನೇ ಆಧಾರವಾಗಿಟ್ಟು ಯಾರನ್ನೂ ಮನೋರೋಗಿಯೆಂದು ನಿರ್ಧರಿಸಕೂಡದೆಂದು ವಿಧಿಸಿದೆ. ಜಾತಿ ಮೀರಿ ಮದುವೆಯಾಗಬಯಸುವ ಮಗಳಿಗೆ, ಮನೆತನದ ಆಚಾರ ಒಲ್ಲದ ಮಗನಿಗೆ ತಲೆ ಕೆಟ್ಟಿದೆಯೆನ್ನುವ ಮನೆಗಳಿಗೆ ಈ ಕಲಮು ನೇರವಾಗಿ ಅನ್ವಯಿಸುತ್ತದೆ.

ಇದರ ಮತ್ತೊಂದು ಮುಖವನ್ನೂ ಮರೆಯಲಾಗದು. ಭಿನ್ನರನ್ನು ರೋಗಿಗಳೆನ್ನುವುದು ಎಷ್ಟು ತಪ್ಪೋ, ನಿಜವಾಗಿ ನರಳುವವರನ್ನು ಚಿಕಿತ್ಸೆಯಿಲ್ಲದೆ ಬಿಡುವುದೂ ಅಷ್ಟೇ ತಪ್ಪು. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಸರಪಳಿಯಿಂದ ಬಂಧಿತರಾಗಿದ್ದ ಮನೋರೋಗಿಗಳು ಬೆಂಕಿಗೆ ಆಹುತಿಯಾದ ದುರಂತ ಇದಕ್ಕೆ ಸಾಕ್ಷಿ. ರೋಗಿಗಳನ್ನು ಸರಪಳಿಯಲ್ಲಿ ಬಿಗಿಯುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಶರೀಫರ ಕಾಲದ ಧಾರವಾಡದ ಹುಚ್ಚಾಸ್ಪತ್ರೆಯೇ ಈಗ ಡಿಮ್ಹಾನ್ಸ್ ಆಗಿ ಬೆಳೆದು ಉತ್ತರ ಕರ್ನಾಟಕದ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದೆ. ನಿದ್ದೆ, ಊಟ, ದುಡಿಮೆ ಕೆಟ್ಟು ವಾರಗಟ್ಟಲೆ ನರಳುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.