ವಿಲಿಯಂ ಕೇರಿ: ನಿರೀಕ್ಷೆಯಲ್ಲಿ ನಿಂತ ನಂಬುಗೆ

ಕನ್ನಡ ವ್ಯಾಕರಣಗಳ ಇತಿಹಾಸವನ್ನು ಓದುವ ಐಚ್ಛಿಕ ಕನ್ನಡ ವಿದ್ಯಾರ್ಥಿಗಳಿಗೆ ಕೇಶಿರಾಜ, ಭಟ್ಟಾಕಳಂಕರ ಬಳಿಕ ಪಾಶ್ಚಾತ್ಯ ವಿದ್ವಾಂಸರ ಸಾಲು ಎದುರಾಗುತ್ತದೆ. ಆ ಸಾಲಿನ ಆರಂಭದಲ್ಲಿಯೇ ವಿಲಿಯಂ ಕೇರಿಯ ಹೆಸರಿದೆ. ಅವನು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಪಟ್ಟಿಯಲ್ಲಿ ಒಂದು ಸಾಲಷ್ಟೇ ಆಗಿ ಉಳಿದಿರುವ ಈ ಹೆಸರಿನ ಹಿಂದೆ, ಪ್ರಾರ್ಥನೆಗೆ ಉತ್ತರ ದೊರೆಯದ ದೀರ್ಘಕಾಲವನ್ನು ದುಡಿಮೆಯಲ್ಲಿ ಕಳೆದ ಒಂದು ಬಾಳು ಇದೆ. ಅದನ್ನು ಅರಿಯುವುದು ಈ ಲೇಖನದ ಉದ್ದೇಶ.

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ನೇಕಾರ, ಅನಂತರ ಊರ ಶಾಲೆಯ ಉಪಾಧ್ಯಾಯ. ಮಗ ಕಲಿತ ಕಸುಬು ಚಮ್ಮಾರಿಕೆ. ಪಾದರಕ್ಷೆ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಬಹುಮಟ್ಟಿಗೆ ಸ್ವಂತ ಪ್ರಯತ್ನದಿಂದ ಕಲಿತನು. 1781ರಲ್ಲಿ ಡೊರೊಥಿಯನ್ನು ಮದುವೆಯಾದನು. ಓದುಬರಹ ಬಾರದ ಆಕೆ ಮದುವೆಯ ದಾಖಲೆಯಲ್ಲಿ ಸಹಿಯ ಬದಲಿಗೆ ಗುರುತು ಹಾಕಿದಳು. ಮುಂದೆ ಕೇರಿ ಬ್ಯಾಪ್ಟಿಸ್ಟ್ ಸಭೆಯ ಬೋಧಕನಾದನು.

1784ರಲ್ಲಿ ಆ ಪ್ರಾಂತದ ಬ್ಯಾಪ್ಟಿಸ್ಟ್ ಸಭೆಗಳು ತಿಂಗಳಿಗೊಮ್ಮೆ ಕೂಡಿ, ಸುವಾರ್ತೆಯು ಲೋಕದಲ್ಲೆಲ್ಲ ಹರಡಲೆಂದು ಪ್ರಾರ್ಥಿಸುವ ಪದ್ಧತಿಯನ್ನು ಆರಂಭಿಸಿದವು. ಹೊರಗೆ ಕಾಣುವಂಥ ಫಲವೇನೂ ಕೂಡಲೇ ಬರಲಿಲ್ಲ. ಎಂಟು ವರ್ಷಗಳ ಬಳಿಕ, 1792ರ ಅಕ್ಟೋಬರ್ 2ರಂದು, ಕೆಟರಿಂಗ್ ಊರಿನ ಒಂದು ಮನೆಯಲ್ಲಿ ಕೆಲವೇ ಜನ ಸೇರಿ ಮಿಷನ್ ಸಂಘವನ್ನು ಸ್ಥಾಪಿಸಿದರು. ಅಂದು ಕೊಡುವುದಾಗಿ ಒಪ್ಪಿದ ಹಣ 13 ಪೌಂಡು, 2 ಷಿಲಿಂಗು, 6 ಪೆನ್ಸು ಮಾತ್ರ. ಪ್ರಾರ್ಥಿಸಿದವರೇ ಹೊರಡಲೂ ಸಿದ್ಧರಿರಬೇಕೆಂಬುದು ಕೇರಿಯ ನಿಲುವಾಗಿತ್ತು. ಆದ್ದರಿಂದ ತಾನೇ ಹೊರಟನು.

ಆ ನಿರ್ಧಾರದ ಬೆಲೆಯನ್ನು ತೆತ್ತವನು ಅವನೊಬ್ಬನೇ ಅಲ್ಲ. ಡೊರೊಥಿಗೆ ಈ ಪ್ರಯಾಣ ಬೇಡವಾಗಿತ್ತು. ಕೈಯಲ್ಲಿ ಹಸುಗೂಸು. ತಂಗಿ ಜೊತೆಗೆ ಬರಲೊಪ್ಪಿದ ಮೇಲೆಯೇ ಆಕೆ ಹಡಗು ಹತ್ತಿದಳು. 1793ರ ಜೂನ್ 13ರಂದು ಹೊರಟ ಹಡಗು ನವೆಂಬರಿನಲ್ಲಿ ಬಂಗಾಳವನ್ನು ಮುಟ್ಟಿತು. ಜೊತೆಗಿದ್ದ ವೈದ್ಯ ಜಾನ್ ಥಾಮಸ್ ಸಾಲಗಳಲ್ಲಿ ಮುಳುಗಿದ್ದವನು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡದ ಅತಿಥಿಗಳು. ತಂದ ಹಣ ಬೇಗನೆ ಕರಗಿತು. ಕುಟುಂಬ ಸುಂದರಬನದ ಕಾಡಂಚಿಗೆ ಹೋಯಿತು. ಅಲ್ಲಿಂದ 1794ರಲ್ಲಿ ಉತ್ತರ ಬಂಗಾಳದ ಮುದ್ನಾಬಾಟಿಗೆ ತೆರಳಿತು. ಅಲ್ಲಿ ಕೇರಿಗೆ ನೀಲಿ ಕಾರ್ಖಾನೆಯ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು.

ಅದೇ ವರ್ಷ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡನು. ಮಗುವಿಗೆ ಗುಂಡಿ ತೋಡಲು ಜನ ಸಿಗುವುದೂ ಕಷ್ಟವಾಯಿತು. ಮೊದಲೇ ಕಾಯಿಲೆಯಿಂದ ಬಳಲಿದ್ದ ಡೊರೊಥಿಯ ಮನಸ್ಸು ಈ ಆಘಾತದ ಬಳಿಕ ಚೇತರಿಸಿಕೊಳ್ಳಲೇ ಇಲ್ಲ. ಗಂಡನ ಮೇಲೆ ಇಲ್ಲದ ಸಂಶಯಗಳು, ಕೂಗಾಟ, ಕೆಲವೊಮ್ಮೆ ಆಕೆಯನ್ನು ಕೋಣೆಯಲ್ಲಿಟ್ಟು ಕಾಯಬೇಕಾದ ಸ್ಥಿತಿ: ಇವುಗಳ ನಡುವೆ, ಪಕ್ಕದ ಕೋಣೆಯಲ್ಲಿ ಕುಳಿತು ಕೇರಿ ಹೊಸ ಒಡಂಬಡಿಕೆಯನ್ನು ಬಂಗಾಳಿಗೆ ತರುತ್ತಿದ್ದನು. ಆ ಕಾಲದ ಅವನ ದಿನಚರಿಯಲ್ಲಿ ವೀರನ ಧ್ವನಿ ಕಾಣುವುದಿಲ್ಲ. ಒಂಟಿತನ, ತನ್ನ ಆತ್ಮದ ಜಡತೆಯ ಬಗೆಗಿನ ದುಃಖ, ಮಾತನಾಡಲು ಒಬ್ಬ ಗೆಳೆಯನೂ ಇಲ್ಲವೆಂಬ ಕೊರಗು ಅಲ್ಲಿ ತುಂಬಿವೆ. ಆದರೂ ಪ್ರಾರ್ಥನೆಯನ್ನು ಬಿಟ್ಟ ದಿನವನ್ನು ಅವನು ಸೋತ ದಿನವೆಂದೇ ಎಣಿಸುತ್ತಿದ್ದನು.

ವರ್ಷಗಳು ಉರುಳಿದವು. ಹಳ್ಳಿಹಳ್ಳಿಗೆ ಹೋಗಿ ಬೋಧಿಸಿದರೂ ಕ್ರೈಸ್ತ ಧರ್ಮವನ್ನು ಸ್ವೀಕರಿಸಲು ದೇಶೀಯರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಹೆಚ್ಚು ಆಸೆ ಹುಟ್ಟಿಸಿದವನು ಅವನಿಗೆ ಬಂಗಾಳಿ ಕಲಿಸಿದ ಮುನ್ಷಿ ರಾಮರಾಮ ಬಸು. ಕ್ರಿಸ್ತನ ಕುರಿತು ಬಂಗಾಳಿಯಲ್ಲಿ ಹಾಡು ಕಟ್ಟಿದ ಈ ವಿದ್ವಾಂಸ ಇಂದೋ ನಾಳೆಯೋ ದೀಕ್ಷೆ ಪಡೆಯುವನೆಂದು ಕೇರಿ ಕಾದನು. ಬಸು ಕೊನೆಯವರೆಗೂ ಪಡೆಯಲಿಲ್ಲ. ಆದರೆ ಆ ಮೈತ್ರಿ ಬರಿದಾಗಲಿಲ್ಲ. 1801ರಲ್ಲಿ ಕೇರಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಅಧ್ಯಾಪಕನಾದಾಗ ಬಸುವೂ ಅಲ್ಲಿಗೆ ಬಂದನು. ಅದೇ ವರ್ಷ ಅವನು ಬರೆದ ಪ್ರತಾಪಾದಿತ್ಯ ರಾಜನ ಚರಿತ್ರೆ ಬಂಗಾಳಿ ಗದ್ಯದ ಮೊದಲ ಮುದ್ರಿತ ಕೃತಿಗಳಲ್ಲಿ ಒಂದೆನಿಸಿತು. ಕೇರಿ ಬೇಡಿದ್ದು ಒಂದು. ಬಂಗಾಳಿ ಸಾಹಿತ್ಯಕ್ಕೆ ದೊರೆತದ್ದು ಇನ್ನೊಂದು.

1800ರ ಜನವರಿಯಲ್ಲಿ ಕೇರಿ ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರಕ್ಕೆ ಬಂದನು. ಜೋಷುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಜೊತೆಯಾದರು, ಮುದ್ರಣಾಲಯ ನಿಂತಿತು. ಆ ವರ್ಷದ ಕೊನೆಯಲ್ಲಿ ಕೃಷ್ಣ ಪಾಲ್ ಎಂಬ ಬಡಗಿಯ ತೋಳಿನ ಕೀಲು ತಪ್ಪಿತು. ಥಾಮಸ್ ಅದನ್ನು ಸರಿಪಡಿಸಿದನು, ಮಾತು ಬೆಳೆಯಿತು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೃಷ್ಣ ಪಾಲನೂ ಕೇರಿಯ ಹಿರಿಯ ಮಗ ಫೀಲಿಕ್ಸನೂ ದೀಕ್ಷಾಸ್ನಾನ ಪಡೆದರು. ಕೇರಿ ಬಂಗಾಳಕ್ಕೆ ಬಂದು ಏಳು ವರ್ಷಗಳಾಗಿದ್ದವು. ಕಾದಿದ್ದ ಆ ದಿನವೂ ಅಮಿಶ್ರ ಸಂತೋಷದ ದಿನವಾಗಲಿಲ್ಲ. ಆನಂದದ ಭಾರವನ್ನು ತಾಳಲಾರದೆ ಥಾಮಸನ ಬುದ್ಧಿ ಕದಡಿತ್ತು. ಡೊರೊಥಿಯೂ ಕೋಣೆಯೊಳಗೇ ಇದ್ದಳು. ಇಬ್ಬರ ಅಳಲೂ ದೀಕ್ಷೆಯ ಹಾಡಿನೊಡನೆ ಬೆರೆತಿತ್ತು.

ಡೊರೊಥಿ 1807ರಲ್ಲಿ ಗುಣಮುಖಳಾಗದೆಯೇ ತೀರಿಕೊಂಡಳು. ಮಗ ಫೀಲಿಕ್ಸ್ ಬರ್ಮಾದಲ್ಲಿ ಮಿಷನ್ ಕೆಲಸ ಮಾಡುತ್ತಿದ್ದಾಗ, 1814ರ ದೋಣಿ ದುರಂತದಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡನು. ಅನಂತರ ಅವನು ಮಿಷನ್ ತೊರೆದು ಬರ್ಮಾದ ಅರಸನ ರಾಯಭಾರಿಯಾದನು. ತಂದೆಗೆ ಇದು ಬಹು ದೊಡ್ಡ ನೋವು. ಕೆಲವು ವರ್ಷಗಳ ಅಲೆದಾಟದ ಬಳಿಕ ಮಗ ಶ್ರೀರಾಮಪುರಕ್ಕೆ ಮರಳಿ, 1822ರಲ್ಲಿ ಸಾಯುವವರೆಗೂ ಬಂಗಾಳಿ ಗ್ರಂಥರಚನೆಯಲ್ಲಿ ತೊಡಗಿದನು.

ನಮಗೆ ನೇರವಾಗಿ ಸಂಬಂಧಿಸಿದ ಘಟನೆ 1812ರ ಮಾರ್ಚ್ 11ರದು. ಅಂದು ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ಹಸ್ತಪ್ರತಿಗಳು ಸುಟ್ಟವು. ಹಲವು ಭಾಷೆಗಳ ಸಂಬಂಧ ತೋರಿಸುವ ಸಂಸ್ಕೃತ ನಿಘಂಟು, ತೆಲುಗು ವ್ಯಾಕರಣ, ರಾಮಾಯಣದ ಅನುವಾದದ ಭಾಗ, ಇವುಗಳ ಜೊತೆಗೆ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು. ಕಲ್ಕತ್ತೆಯಲ್ಲಿದ್ದ ಕೇರಿಗೆ ಸುದ್ದಿ ಮುಟ್ಟಿದ್ದು ಮರುದಿನ. ಅವನು ಕಣ್ಣೀರಿಟ್ಟನು, ಆದರೆ ದೇವರನ್ನು ದೂರಲಿಲ್ಲ. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸುಲಭವೆಂಬ ಭಾವದಿಂದ ಮತ್ತೆ ಮೊದಲಿನಿಂದ ಬರೆಯಲು ಕುಳಿತನು. ಕರಗಿದ ಲೋಹದಿಂದಲೇ ಹೊಸ ಮೊಳೆಗಳನ್ನು ಎರಕ ಹೊಯ್ದರು. ಐದು ವರ್ಷಗಳ ಬಳಿಕ ಬಂದ ಕನ್ನಡ ವ್ಯಾಕರಣವು ಆ ಬೂದಿಯ ಮೇಲೆ ಎದ್ದ ಕೃತಿಗಳಲ್ಲಿ ಒಂದು.

ಕನ್ನಡ ನೆಲವನ್ನು ಕೇರಿ ಎಂದೂ ಕಂಡವನಲ್ಲ. ಶ್ರೀರಾಮಪುರಕ್ಕೆ ಬಂದ ಪಂಡಿತರ ಬಾಯಿಂದ ನಮ್ಮ ನುಡಿಯನ್ನು ಕಲಿತನು. ಆದುದರಿಂದ ಅವನ ಕನ್ನಡ ಕೆಲಸಕ್ಕೆ ಮಿತಿಗಳಿದ್ದವು. ಬೈಬಲಿನ ಕನ್ನಡ ಅನುವಾದದಲ್ಲಿ ಮುಂದೆ ಬಳಕೆಗೆ ನಿಂತದ್ದು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರ ಕೃತಿ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ರಾಯದುರ್ಗಗಳೂ ಸೇರಿದ್ದವೆಂಬುದನ್ನು ಗಡಿನಾಡಿನ ನಾವು ನೆನೆಯಬಹುದು.

ಆರು ಭಾಷೆಗಳಲ್ಲಿ ಸಮಗ್ರ ಬೈಬಲು, 1818ರಲ್ಲಿ ಸ್ಥಾಪನೆಯಾದ ಕಾಲೇಜು, 1829ರ ಸತಿ ನಿಷೇಧ ಶಾಸನದ ಬಂಗಾಳಿ ಅನುವಾದ: ಇಷ್ಟನ್ನು ಬಿಟ್ಟು ಕೇರಿ 1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ನಿಧನನಾದನು. ತಾಯ್ನಾಡಿಗೆ ಒಮ್ಮೆಯೂ ಮರಳಲಿಲ್ಲ.

ಅವನ ಪ್ರಾರ್ಥನೆಗಳಲ್ಲಿ ಕೆಲವು ತಡವಾಗಿ ಫಲಿಸಿದವು, ಕೆಲವು ಬೇರೆ ರೂಪದಲ್ಲಿ ಬಂದವು, ಕೆಲವು ಬರಲೇ ಇಲ್ಲ. ಡೊರೊಥಿಯ ಬಾಳನ್ನು ನೆನೆದಾಗ ಈ ಲೆಕ್ಕ ಸರಿಹೊಂದಿತೆಂದು ಯಾರೂ ಸುಲಭವಾಗಿ ಹೇಳಲಾರರು. ಕೇರಿಯೂ ಹಾಗೆ ಹೇಳಲಿಲ್ಲ. ಅವನ ನಂಬುಗೆಯು ಉತ್ತರದ ಮೇಲೆ ನಿಂತುದಾಗಿರಲಿಲ್ಲ; ಉತ್ತರವಿಲ್ಲದ ದಿನದಲ್ಲಿ ಮಾಡಬೇಕಾದ ಕೆಲಸದಲ್ಲಿ ಅದು ನೆಲೆ ಕಂಡಿತು. ಒಂದು ಭಾಷೆಯ ಧಾತುಗಳನ್ನು, ಪ್ರತ್ಯಯಗಳನ್ನು ಒಂದೊಂದಾಗಿ ಕಲಿಯುವ ತಾಳ್ಮೆಯೂ ದೇವರ ಮುಂದೆ ಕಾಯುವ ತಾಳ್ಮೆಯೂ ಅವನಲ್ಲಿ ಬೇರೆ ಬೇರೆಯಾಗಿರಲಿಲ್ಲ.