ಕಡಲಿನ ಕೂಗಿಗೆ ಕಿವಿ ಕೊಟ್ಟ ಮಾರ್ಕೋನಿ

ಜುಲೈ ತಿಂಗಳಲ್ಲಿ ಮೂರು ದಿನಗಳ ಅಂತರದಲ್ಲಿ ನಾವು ನೆನೆಯಬೇಕಾದ ಎರಡು ದಿನಗಳು ಬರುತ್ತವೆ. ಮೊದಲನೆಯದನ್ನು ಮುಂಬಯಿಯ ಹಳಬರು ಮರೆತಿಲ್ಲ. 1947ರ ಜುಲೈ 17ರ ಬೆಳಿಗ್ಗೆ ಭಾವುಚಾ ಧಕ್ಕೆಯಿಂದ ರೇವಸ್‌ಗೆ ಹೊರಟ 'ರಾಮದಾಸ್' ಹಡಗು ಮಳೆಗಾಲದ ಅಲೆಗಳಿಗೆ ಸಿಕ್ಕಿ ಮುಳುಗಿತು. ಆಷಾಢದ ಅಮಾವಾಸ್ಯೆಗೆಂದು ಊರಿಗೆ ಹೊರಟವರೂ ಸೇರಿದಂತೆ 600ಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ಆ ಹಡಗಿನಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ನಗರದ ಬಾಗಿಲಲ್ಲೇ ನಡೆದ ದುರಂತದ ಸುದ್ದಿ ನಗರಕ್ಕೆ ಮುಟ್ಟಿದ್ದು ಹಲವು ಗಂಟೆಗಳ ಬಳಿಕ, ಜೀವ ಉಳಿಸಿಕೊಂಡು ದಡ ಸೇರಿದವರ ಬಾಯಿಂದ. ಅಷ್ಟರಲ್ಲಿ ಕೈಗೆ ಸಿಕ್ಕವರನ್ನು ತಮ್ಮ ದೋಣಿಗಳಿಗೆ ಎಳೆದುಕೊಂಡವರು ರೇವಸ್ ಕಡೆಯ ಕೋಳಿ ಬೆಸ್ತರು.

ಎರಡನೆಯ ದಿನ ಜುಲೈ 20. 1937ರ ಆ ದಿನ ರೋಮ್ ನಗರದಲ್ಲಿ ಗುಗ್ಲಿಯೆಲ್ಮೋ ಮಾರ್ಕೋನಿಯವರು ತಮ್ಮ 63ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಕಡಲ ನಡುವೆ ಸಿಕ್ಕಿಬಿದ್ದವರ ಕೂಗು ದಡಕ್ಕೆ ಕೇಳುವಂತೆ ಮಾಡಿದವರು ಅವರೇ. ರಾಮದಾಸ್ ಮುಳುಗುವ ಹೊತ್ತಿಗೆ ಅವರ ಯಂತ್ರ ಹಡಗುಗಳನ್ನೇರಿ ಅರ್ಧ ಶತಮಾನವೇ ಆಗುತ್ತಾ ಬಂದಿತ್ತು.

ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೋನ್ಯದಲ್ಲಿ. ತಂದೆ ಜಮೀನುದಾರರು, ತಾಯಿ ಆ್ಯನಿ ಐರ್ಲೆಂಡಿನ ಪ್ರಸಿದ್ಧ ವಿಸ್ಕಿ ತಯಾರಕರಾದ ಜೇಮ್ಸನ್ ಮನೆತನದವರು. ವಿಶ್ವವಿದ್ಯಾಲಯದ ಪದವಿ ಅವರಿಗಿರಲಿಲ್ಲ. ಹರ್ಟ್ಸ್ ಕಂಡುಹಿಡಿದ ವಿದ್ಯುತ್ಕಾಂತೀಯ ಅಲೆಗಳ ವಿಚಾರವನ್ನು ಓದಿ, ಮನೆಯ ಅಟ್ಟದಲ್ಲಿ ಪ್ರಯೋಗಕ್ಕೆ ತೊಡಗಿದರು. 1895ರಲ್ಲಿ ಅವರು ಕಳುಹಿಸಿದ ಸಂಕೇತ ಗುಡ್ಡವನ್ನು ದಾಟಿತು. ಆಚೆ ಬದಿಯಲ್ಲಿದ್ದ ಅಣ್ಣ ಬಂದೂಕು ಹಾರಿಸಿ ಅದು ತಲುಪಿದ್ದನ್ನು ತಿಳಿಸಿದ. ಮರುವರ್ಷ ತಾಯಿ ಮಗನನ್ನು ಲಂಡನ್ನಿಗೆ ಕರೆದೊಯ್ದರು. ಪೇಟೆಂಟ್ ದೊರೆಯಿತು, 1897ರಲ್ಲಿ ಕಂಪೆನಿಯೂ ಸ್ಥಾಪನೆಯಾಯಿತು.

ಇಲ್ಲಿ ಭಾರತೀಯರಾದ ನಾವು ಒಂದು ಮಾತನ್ನು ಸೇರಿಸಲೇಬೇಕು. 1895ರಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಇಂಥವೇ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದರು. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಆಲಿಸಲು ಮಾರ್ಕೋನಿ ಬಳಸಿದ ಪಾದರಸದ ಗ್ರಾಹಕವು ಬೋಸರು 1899ರಲ್ಲಿ ವಿವರಿಸಿದ್ದ ಉಪಕರಣಕ್ಕೆ ತೀರ ಹತ್ತಿರದ್ದು. ಬೋಸರಿಗೆ ಪೇಟೆಂಟಿನಲ್ಲಿ ಆಸಕ್ತಿಯಿರಲಿಲ್ಲ, ಮಾರ್ಕೋನಿಗೆ ಇತ್ತು. ಆದರೆ ಆ ವಿದ್ಯೆಯನ್ನು ಕಡಲಿಗೆ ಕೊಂಡೊಯ್ದ ಹಿರಿಮೆ ಮಾರ್ಕೋನಿಯವರದೇ ಎಂದು ನಾವು ತಿಳಿಯುತ್ತೇವೆ.

1899ರಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳದಿಬ್ಬದ ಬಳಿ ಲಂಗರು ಹಾಕಿದ್ದ ದೀಪದ ಹಡಗಿನಲ್ಲಿ ಅವರ ಯಂತ್ರವಿತ್ತು. ಮಾರ್ಚ್ 17ರಂದು 'ಎಲ್ಬ್' ಎಂಬ ಹಡಗು ಆ ದಿಬ್ಬವನ್ನೇರಿ ಸಿಕ್ಕಿಬಿದ್ದಾಗ ದೀಪದ ಹಡಗಿನವರು ದಡಕ್ಕೆ ಸುದ್ದಿ ಮುಟ್ಟಿಸಿದರು. ಏಪ್ರಿಲ್ 28ರಂದು ಮತ್ತೊಂದು ಹಡಗು ದೀಪದ ಹಡಗಿಗೇ ಡಿಕ್ಕಿ ಹೊಡೆಯಿತು; ಈ ಬಾರಿ ಅವರು ನೆರವು ಕೋರಿದ್ದು ತಮಗಾಗಿಯೇ.

ಆದರೆ ಮಾರ್ಕೋನಿ ವ್ಯಾಪಾರಿಯೂ ಹೌದು. ಅವರ ಕಂಪೆನಿ ಯಂತ್ರಗಳನ್ನು ಮಾರದೆ, ತನ್ನದೇ ನೌಕರರ ಸಮೇತ ಹಡಗುಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಬೇರೆ ಕಂಪೆನಿಗಳ ಯಂತ್ರಗಳಿಂದ ಬಂದ ಸಂದೇಶಗಳಿಗೆ ಉತ್ತರಿಸಬಾರದೆಂಬುದು ಕಂಪೆನಿಯ ನಿಯಮ. 1902ರಲ್ಲಿ ಅಮೆರಿಕೆಯಿಂದ ಮರಳುತ್ತಿದ್ದ ಜರ್ಮನಿಯ ರಾಜಕುಮಾರ ಹೈನ್ರಿಖ್ ಅವರ ಹಡಗಿಗೂ ಮಾರ್ಕೋನಿ ಕೇಂದ್ರಗಳು ಕಿವಿಗೊಡಲಿಲ್ಲ. ಹಣದ ಲೆಕ್ಕದಲ್ಲಿ ಈ ನಿಯಮ ಸರಿಯಿದ್ದೀತು. ಪ್ರಾಣಾಪಾಯದಲ್ಲಿ ಯಾರ ಯಂತ್ರವೆಂದು ಕೇಳುವುದು ನಮಗಂತೂ ಒಪ್ಪಿತವಾಗದು. 1906ರ ಬರ್ಲಿನ್ ಸಮ್ಮೇಳನವು ಯಾರ ಯಂತ್ರವಾದರೂ ಉತ್ತರಿಸಬೇಕೆಂದು ಗೊತ್ತುಪಡಿಸಿತು. ಮಾರ್ಕೋನಿ ಕಂಪೆನಿ 1904ರಿಂದ ಬಳಸುತ್ತಿದ್ದ 'ಸಿಕ್ಯೂಡಿ' ಸಂಕೇತದ ಬದಲು 'ಎಸ್ಒಎಸ್' ಎಲ್ಲರದ್ದಾಯಿತು. ಈ ಮೂರಕ್ಷರಗಳಿಗೆ ಮೂಲದಲ್ಲಿ ಯಾವ ಅರ್ಥವೂ ಇಲ್ಲ; ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ, ಅಷ್ಟೆ.

1909ರ ಜನವರಿಯಲ್ಲಿ 'ರಿಪಬ್ಲಿಕ್' ಹಡಗಿನ ಜಾಕ್ ಬಿನ್ಸ್ ಕಳುಹಿಸಿದ ಕರೆಯಿಂದ 1,500ಕ್ಕೂ ಹೆಚ್ಚು ಮಂದಿ ಬದುಕಿದರು. ಅದೇ ವರ್ಷ ಮಾರ್ಕೋನಿಗೆ ಜರ್ಮನಿಯ ಬ್ರೌನ್ ಜೊತೆ ನೊಬೆಲ್ ಪಾರಿತೋಷಕ ಬಂತು. ಮೂರು ವರ್ಷ ಕಳೆದು ಟೈಟಾನಿಕ್. 1912ರ ಏಪ್ರಿಲ್ 14ರ ಆ ರಾತ್ರಿ ಸಮೀಪದಲ್ಲಿದ್ದ 'ಕ್ಯಾಲಿಫೋರ್ನಿಯನ್' ಹಡಗಿನಿಂದ ಹಿಮದ ಬಗ್ಗೆ ಎಚ್ಚರಿಕೆ ಬಂದಾಗ, ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ರವಾನಿಸುವುದರಲ್ಲಿ ಮಗ್ನರಾಗಿದ್ದ ಜಾಕ್ ಫಿಲಿಪ್ಸ್ ಅದನ್ನು ತಡೆದುಬಿಟ್ಟರು. ಕ್ಯಾಲಿಫೋರ್ನಿಯನ್‌ನಲ್ಲಿದ್ದ ಏಕೈಕ ನಿರ್ವಾಹಕ ದಿನವಿಡೀ ದುಡಿದು ಯಂತ್ರ ನಿಲ್ಲಿಸಿ ಮಲಗಿದ. ಕೆಲವೇ ನಿಮಿಷಗಳಲ್ಲಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. ಫಿಲಿಪ್ಸ್ ಕೊನೆಯವರೆಗೂ ಕರೆಯುತ್ತಲೇ ಇದ್ದು ಪ್ರಾಣ ತೆತ್ತರು. ದೂರದ 'ಕಾರ್ಪೇಥಿಯಾ' ಆ ಕರೆ ಕೇಳಿ ಬಂದು 700ಕ್ಕೂ ಹೆಚ್ಚು ಜನರನ್ನು ಉಳಿಸಿತು. ಯಂತ್ರವಿದ್ದರಷ್ಟೇ ಸಾಲದು, ಹಗಲಿರುಳೂ ಆಲಿಸುವವರು ಬೇಕೆಂಬ ತಿಳಿವಿನಿಂದ 1914ರ ಲಂಡನ್ ಒಪ್ಪಂದ ಮೂಡಿತು. ಮುಂದೆ ಹಡಗುಗಳ ರೇಡಿಯೋ ಕೋಣೆಯ ಗಡಿಯಾರದ ಮೇಲೆ ಗಂಟೆಗೆರಡು ಬಾರಿ ಮೂರು ಮೂರು ನಿಮಿಷಗಳನ್ನು ಕೆಂಪು ಬಣ್ಣದಿಂದ ಗುರುತಿಸುವ ಪದ್ಧತಿ ಬಂತು. ಆಗ ಎಲ್ಲರೂ ತಮ್ಮ ಮಾತು ನಿಲ್ಲಿಸಿ, ಕ್ಷೀಣವಾದ ಕರೆಯೇನಾದರೂ ಇದೆಯೇ ಎಂದು ಆಲಿಸಬೇಕು.

ಮಾರ್ಕೋನಿಯವರ ಉತ್ತರಾರ್ಧದ ಬದುಕು ನಮಗೆ ಅಷ್ಟು ಪ್ರಿಯವಾದುದಲ್ಲ. 1923ರಲ್ಲಿ ಅವರು ಮುಸ್ಸೋಲಿನಿಯ ಪಕ್ಷವನ್ನು ಸೇರಿದರು. ಆದರೆ 'ಎಲೆಟ್ರಾ' ಎಂಬ ತಮ್ಮ ನೌಕೆಯಲ್ಲಿ ಪ್ರಯೋಗಗಳನ್ನು ಮುಂದುವರಿಸಿದರು. ಅವರ ಕಿರುತರಂಗ ಪದ್ಧತಿಯ ಕೇಂದ್ರಗಳು 1927ರಲ್ಲಿ ಪುಣೆಯ ಕಡೆಯ ಖಡ್ಕಿ ಮತ್ತು ದೌಂಡ್‌ಗಳಿಂದ ಇಂಗ್ಲೆಂಡಿನೊಡನೆ ಸಂದೇಶ ವಿನಿಮಯ ನಡೆಸತೊಡಗಿದವು. ನಮ್ಮ ಈ ಸೀಮೆಯ ಮಾತು ಲಂಡನ್ನಿಗೆ ಕ್ಷಣದಲ್ಲಿ ಮುಟ್ಟುತ್ತಿತ್ತು. ಇಪ್ಪತ್ತು ವರ್ಷಗಳ ನಂತರವೂ ರಾಮದಾಸ್‌ನ ಕೂಗು ಭಾವುಚಾ ಧಕ್ಕೆಗೆ ಮುಟ್ಟಲಿಲ್ಲ. ಅವರು ತೀರಿಕೊಂಡಾಗ ಜಗತ್ತಿನ ರೇಡಿಯೋ ಕೇಂದ್ರಗಳು ಎರಡು ನಿಮಿಷ ಮೌನವಾದವು.

1999ರಲ್ಲಿ ಉಪಗ್ರಹಗಳನ್ನೂ ಒಳಗೊಂಡ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ಚುಕ್ಕೆ ಗೆರೆಗಳ ಕಾಲ ಮುಗಿಯಿತು. ಈಗ ದೋಣಿಯವರು ವಿಎಚ್ಎಫ್ ರೇಡಿಯೋದ 16ನೆಯ ಚಾನೆಲ್‌ನಲ್ಲಿ ಬಾಯಿಂದಲೇ ಕರೆಯಬಹುದು. ಪ್ರಾಣಾಪಾಯವಿದ್ದರೆ 'ಮೇಡೇ' ಎಂದು ಮೂರು ಸಲ, ದೋಣಿಯ ಹೆಸರು ಮೂರು ಸಲ; ಬಳಿಕ ತಾವಿರುವ ಸ್ಥಳ, ಒದಗಿದ ಅಪಾಯ, ದೋಣಿಯಲ್ಲಿರುವವರ ಸಂಖ್ಯೆ. ಅಷ್ಟು ಗಂಡಾಂತರವಿಲ್ಲದ ತುರ್ತಿಗೆ 'ಪ್ಯಾನ್ ಪ್ಯಾನ್' ಎಂದೂ, ಬಿರುಗಾಳಿ ಮೊದಲಾದ ಎಚ್ಚರಿಕೆಗಳಿಗೆ 'ಸೆಕ್ಯುರಿತೆ' ಎಂದೂ ಆರಂಭಿಸುತ್ತಾರೆ. ಸ್ಥಳವನ್ನು ಮೊದಲೇ ಹೇಳಿಬಿಡುವುದು ಏಕೆಂದರೆ, ನಡುವೆ ರೇಡಿಯೋ ನಿಂತುಹೋದರೂ ಹುಡುಕುವವರಿಗೆ ದಾರಿಯಿರುತ್ತದೆ.

2018ರ ಡಿಸೆಂಬರ್ 15ರ ರಾತ್ರಿ ಮಲ್ಪೆಯ 'ಸುವರ್ಣ ತ್ರಿಭುಜ' ದೋಣಿಯ ಸಂಪರ್ಕ ಕಡಿದಾಗ ಹಾಗೆ ಯಾವ ಸ್ಥಳವೂ ಕೈಯಲ್ಲಿರಲಿಲ್ಲ. ಅದರಲ್ಲಿದ್ದ ಏಳು ಮಂದಿ ಉಡುಪಿ ಮತ್ತು ಉತ್ತರ ಕನ್ನಡದವರು. ಮುಂಬಯಿಯಲ್ಲಿರುವ ನಮ್ಮ ಮೊಗವೀರ ಬಂಧುಗಳೂ ದಿನವೂ ಸುದ್ದಿಗಾಗಿ ಕಾದರು. ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ದೋಣಿಯ ಅವಶೇಷವನ್ನು ಪತ್ತೆ ಮಾಡಿದ್ದು ಗೊತ್ತಾದಾಗ 2019ರ ಮೇ ತಿಂಗಳು ಬಂದಿತ್ತು.